ಇಂಟರ್ನ್‌ಶಿಪ್ ಸಿಕ್ತು, ಈಗ ಅದನ್ನ ಪೂರ್ತಿ ಬಳಸ್ಕೊಳೋದು ಹೇಗೆ?

ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) 2022ರ ಸ್ಕೀಮ್‌ನಲ್ಲಿ, ಅಂದ್ರೆ ಆ ವರ್ಷದ ಪಠ್ಯಕ್ರಮದಲ್ಲಿ, ಇಂಜಿನಿಯರಿಂಗ್ ಓದೋರು ಕೊನೇ ವರ್ಷ 14ರಿಂದ 20 ವಾರ ಇಂಟರ್ನ್‌ಶಿಪ್ ಮಾಡ್ಲೇಬೇಕು, ಹಂಗಾಗಿ ಹಾಸನ, ಗದಗ, ಕಲಬುರಗಿ ಕಡೆಯಿಂದೆಲ್ಲಾ ಬೆಂಗಳೂರಿಗೆ ಬಂದು ಪಿಜಿ ಹಿಡಿಯೋರು ಬೇಕಾದಷ್ಟು ಜನ. ಅದ್ರಲ್ಲಿ ತುಂಬಾ ಜನ ಸರ್ಟಿಫಿಕೇಟ್ ಕೈಗೆ ಬಂದ್ರೆ ಸಾಕಪ್ಪಾ ಅಂತಿರ್ತಾರೆ. ಆದ್ರೆ ಇಂಟರ್‌ವ್ಯೂನಲ್ಲಿ ಕೇಳೋದು ‘ಅಲ್ಲಿ ನೀನು ಏನ್ ಮಾಡ್ದೆ’ ಅಂತ. ಅದಕ್ಕೆ ಉತ್ತರ ಕೊನೇ ವಾರ ಹುಡುಕಿದ್ರೆ ಸಿಗಲ್ಲ, ಮೊದಲನೇ ದಿನದಿಂದಲೇ ಕೂಡಿಡ್ಬೇಕು.

ಸೇರೋಕೆ ಮುಂಚೆ

ಆಫರ್ ಲೆಟರ್‌ನಲ್ಲಿ ಶುರು-ಕೊನೆ ದಿನಾಂಕ, ಸ್ಟೈಪೆಂಡ್, ಯಾರ ಕೈಕೆಳಗೆ ಕೆಲಸ ಅನ್ನೋದು ಇದ್ಯಾ ನೋಡ್ಕೊಳಿ. ನಿಮ್ಮ ಹತ್ರಾನೇ ದುಡ್ಡು ಇಸ್ಕೊಂಡು ಇಂಟರ್ನ್‌ಶಿಪ್ ಕೊಡ್ತೀವಿ ಅನ್ನೋರ ಕಡೆ ಹೋಗ್ಲೇಬೇಡಿ. ಅಪ್ಪ ಅಮ್ಮನ ದುಡ್ಡು ಹೋಗತ್ತೆ, ಮಾಡೋಕೆ ನಿಜವಾದ ಕೆಲಸಾನೂ ಸಿಗಲ್ಲ. ಓದು ಮುಗ್ಸಿ ಕೆಲಸ ಇಲ್ದೆ ಇರೋರಿಗೆ ಕೇಂದ್ರ ಸರ್ಕಾರದ ಪಿಎಂ ಇಂಟರ್ನ್‌ಶಿಪ್ ಸ್ಕೀಮ್ ಕೂಡ ಇದೆ, 2024ರ ಅಕ್ಟೋಬರ್‌ನಲ್ಲಿ ಅದು ಪ್ರಾಯೋಗಿಕವಾಗಿ ಶುರುವಾದಾಗ ತಿಂಗಳಿಗೆ 5,000 ರೂಪಾಯಿ, ಸೇರುವಾಗ ಒಂದ್ಸಲ 6,000 ರೂಪಾಯಿ ಅಂತ ಇಟ್ಟಿದ್ರು. ಈಗಿನ ವಯಸ್ಸಿನ ಮಿತಿ, ಮೊತ್ತ ಎಲ್ಲಾ ಅದರ ಪೋರ್ಟಲ್‌ನಲ್ಲೇ ಓದ್ಕೊಂಡು ಅರ್ಜಿ ಹಾಕಿ.

ಮೊದಲನೇ ವಾರ

ಮ್ಯಾನೇಜರ್ ಹತ್ರ ಹತ್ತು ನಿಮಿಷ ಟೈಮ್ ಕೇಳಿ. ‘ನಾನು ಹೋಗೋಷ್ಟರಲ್ಲಿ ಯಾವ ಕೆಲಸ ಮುಗ್ದಿದ್ರೆ ಟೀಮ್‌ಗೆ ಉಪಯೋಗ ಆಗತ್ತೆ ಸರ್?’ ಅಂತ ನೇರವಾಗಿ ಕೇಳ್ಬಿಡಿ. ಅವ್ರು ಹೇಳಿದ್ದನ್ನ ಅವತ್ತೇ ನಾಲ್ಕು ಸಾಲು ಮೇಲ್ ಮಾಡಿ ಅವ್ರಿಗೇ ಕಳ್ಸಿ, ಆಮೇಲೆ ಇಬ್ರಿಗೂ ಮರೆಯಲ್ಲ.

ಡೌಟ್ ಕೇಳೋದು

ನಮ್ಮ ಮಕ್ಕಳು ಸೋಲೋದು ಹೆಚ್ಚಾಗಿ ಇಲ್ಲೇ. ಇಂಗ್ಲಿಷ್ ತಪ್ಪಾದ್ರೆ ಏನನ್ಕೋತಾರೋ, ಇಷ್ಟೂ ಗೊತ್ತಿಲ್ವಾ ಅಂದ್ಬಿಟ್ರೆ ಅಂತ ಎರಡು ದಿನ ಸುಮ್ನೆ ಸ್ಕ್ರೀನ್ ನೋಡ್ಕೊಂಡು ಕೂತಿರ್ತಾರೆ, ಆ ಕಡೆ ಮ್ಯಾನೇಜರ್ ಕೆಲಸ ಸಾಗ್ತಿದೆ ಅನ್ಕೊಂಡಿರ್ತಾರೆ. ಒಂದು ಅರ್ಧ ಗಂಟೆ ನೀವೇ ಒದ್ದಾಡಿ, ಆಗ್ಲಿಲ್ಲ ಅಂದ್ರೆ ಕೇಳಿ. ಬರೀ ‘ಸರ್ ಬರ್ತಿಲ್ಲ’ ಅಂದ್ರೆ ಯಾರಿಗೂ ಸಹಾಯ ಮಾಡೋಕಾಗಲ್ಲ. ಏನ್ ಮಾಡೋಕೆ ಹೊರಟಿದ್ರಿ, ಏನೇನ್ ಟ್ರೈ ಮಾಡಿದ್ರಿ, ಯಾವ ಎರರ್ ಬಂತು, ಈ ಮೂರನ್ನೂ ಒಟ್ಟಿಗೆ ಬರ್ಕೊಂಡು ಹೇಳಿ. ಬರೀವಾಗ್ಲೇ ಎಷ್ಟೋ ಸಲ ಉತ್ತರ ತಾನಾಗೇ ಹೊಳೆಯತ್ತೆ. ಪಕ್ಕದ ಸೀಟಿನವ್ರಿಗೆ ಕನ್ನಡ ಬಂದ್ರೆ ಕನ್ನಡದಲ್ಲೇ ಕೇಳಿ, ಅದ್ರಲ್ಲಿ ಸಣ್ಣತನ ಏನಿಲ್ಲ, ವಿಷಯ ಅರ್ಥ ಆಗೋದು ಮುಖ್ಯ.

ದಿನಾ ಮೂರು ಸಾಲು

ಸಂಜೆ ಹೊರಡೋ ಮುಂಚೆ ನೋಟ್‌ಬುಕ್ಕಲ್ಲಿ ಬರೀರಿ. ‘ಲಾಗಿನ್ ಪೇಜಿಗೆ 12 ಟೆಸ್ಟ್ ಬರೆದೆ, 3 ಫೇಲ್, ಕಾರಣ ಟೈಮ್‌ಝೋನ್, ನಾಳೆ ಸರಿ ಮಾಡ್ಬೇಕು’ ಇಷ್ಟಿದ್ರೆ ಸಾಕು. ಕಾಲೇಜ್ ರಿಪೋರ್ಟ್, ರೆಸ್ಯೂಮೆ, ವೈವಾ ಎಲ್ಲಕ್ಕೂ ಸರಕು ಇಲ್ಲಿಂದಲೇ ಬರತ್ತೆ. ಆದ್ರೆ ಕಂಪನಿ ಕೋಡ್, ಕಸ್ಟಮರ್ ಡೇಟಾ ನಿಮ್ಮ ಪರ್ಸನಲ್ ಗಿಟ್‌ಹಬ್‌ಗೆ (ಆನ್‌ಲೈನ್‌ನಲ್ಲಿ ಕೋಡ್ ಇಡೋ ಜಾಗ) ಹಾಕೋದು, ಪರ್ಮಿಷನ್ ಇಲ್ದೆ ಚಾಟ್‌ಜಿಪಿಟಿಗೆ ಪೇಸ್ಟ್ ಮಾಡೋದು ಬೇಡವೇ ಬೇಡ, ಸಹಿ ಹಾಕಿರೋ ಅಗ್ರಿಮೆಂಟ್ ಮುರಿದಂಗೆ ಆಗತ್ತೆ.

ಕೆಲಸಾನೇ ಕೊಡ್ತಿಲ್ಲ ಅಂದ್ರೆ?

ಇದೂ ಆಗತ್ತೆ, ಎಲ್ರೂ ಬ್ಯುಸಿ ಇರ್ತಾರೆ. ಕಾಯ್ತಾ ಕೂರ್ಬೇಡಿ. ಪೆಂಡಿಂಗ್ ಇರೋ ಚಿಕ್ಕ ಬಗ್, ಟೆಸ್ಟಿಂಗ್, ಹಳೇದಾಗಿರೋ ಡಾಕ್ಯುಮೆಂಟ್ ಇವನ್ನ ನೀವೇ ಕೇಳಿ ತಗೊಳಿ, ಅದ್ರಿಂದಲೇ ಇಡೀ ಪ್ರಾಡಕ್ಟ್ ಹೆಂಗೆ ನಡೆಯತ್ತೆ ಅಂತ ಗೊತ್ತಾಗೋದು. ಅದೂ ಸಿಗ್ಲಿಲ್ಲ ಅಂದ್ರೆ ಕಾಲೇಜ್ ಗೈಡ್‌ಗೆ ಬೇಗ ತಿಳ್ಸಿ.

ಅರ್ಧ ದಾರಿ ಮತ್ತೆ ಕೊನೇ ವಾರ

ಅರ್ಧ ಮುಗ್ದಾಗ ‘ನಾನು ಎಲ್ಲಿ ಸುಧಾರಿಸ್ಬೇಕು’ ಅಂತ ಕೇಳಿ, ಆಗ ಇನ್ನೂ ತಿದ್ಕೊಳೋಕೆ ಟೈಮ್ ಇರತ್ತೆ. ಕೊನೇ ವಾರ ನಿಮ್ಮ ಕೆಲಸ ಮುಂದೆ ತಗೊಳೋರಿಗೆ ಒಂದು ಹ್ಯಾಂಡೋವರ್ ನೋಟ್ ಬರೀರಿ, ಟೀಮ್‌ಗೆ ಸಣ್ಣ ಡೆಮೊ ಕೊಡಿ. ಫುಲ್‌ಟೈಮ್ ಅವಕಾಶ ಇದ್ಯಾ ಅಂತ ಕೇಳೋಕೆ ನಾಚ್ಕೋಬೇಡಿ, ಲಿಂಕ್ಡ್‌ಇನ್ ರೆಕಮಂಡೇಶನ್ ಕೂಡ ಅವಾಗ್ಲೇ ಕೇಳಿ, ಆರು ತಿಂಗಳಾದ್ಮೇಲೆ ಅವ್ರಿಗೂ ವಿವರ ನೆನಪಿರಲ್ಲ. ಸರ್ಟಿಫಿಕೇಟ್‌ನಲ್ಲಿ ಹೆಸ್ರು, ಯುಎಸ್‌ಎನ್ (ಯೂನಿವರ್ಸಿಟಿ ಕೊಟ್ಟಿರೋ ನಂಬರ್), ದಿನಾಂಕ ಸರಿ ಇದ್ಯಾ ಅಂತ ಆಫೀಸಲ್ಲೇ ಚೆಕ್ ಮಾಡಿ, ತಪ್ಪಿದ್ರೆ ಅಲ್ಲೇ ತಿದ್ದಿಸ್ಕೊಂಡು ಹೊರಡಿ.