ಸ್ಪ್ರಿಂಗ್ ಏರ್ ರೈಫಲ್: ಗ್ರೀಸ್ ಎಲ್ಲಿ, ಎಷ್ಟು?

ನನ್ನ 0.177 ಇಂಚಿನ ಸ್ಪ್ರಿಂಗ್ ಏರ್ ರೈಫಲ್‌ಗೆ ಮೊದಲ ವರ್ಷ ಹೊಲಿಗೆ ಮೆಷಿನ್ ಎಣ್ಣೆ ಬಿಟ್ಟಿದ್ದೆ. ಗಾಳಿ ಹೋಗುವ ತೂತಿಗೇ ಐದಾರು ಹನಿ. ಟ್ರಿಗರ್ ಎಳೆದರೆ ಪಟಾಕಿಯಂಥ ಸದ್ದು, ಬ್ಯಾರೆಲ್ ತುಂಬ ಹೊಗೆ. ಸ್ಪ್ರಿಂಗ್ ತಳ್ಳಿ ಪಿಸ್ಟನ್ ನುಗ್ಗಿದಾಗ ಒತ್ತಿದ ಗಾಳಿ ವಿಪರೀತ ಕಾಯುತ್ತದೆ, ಎಣ್ಣೆ ಹೊತ್ತಿಕೊಳ್ಳುತ್ತದೆ. ಡೀಸೆಲ್ ಎಂಜಿನ್ ಓಡುವುದೂ ಹೀಗೇ ಅಲ್ವಾ? ಇದು ಜಾಸ್ತಿಯಾದರೆ ಪಿಸ್ಟನ್ ತುದಿಯಲ್ಲಿ ಗಾಳಿ ಸೋರದಂತೆ ತಡೆಯುವ ಸೀಲ್ ಹಾಳಾಗುತ್ತದೆ, ಸ್ಪ್ರಿಂಗ್ ಮುರಿಯಲೂಬಹುದು.

ಬಿಚ್ಚುವ ಮೊದಲು ರೈಫಲ್ ಖಾಲಿ ಇದೆಯೇ ನೋಡಿ. ಸ್ಪ್ರಿಂಗನ್ನು ಒತ್ತಿ ಹಿಡಿಯುವ ಸಾಧನ, ಸ್ಪ್ರಿಂಗ್ ಕಂಪ್ರೆಸರ್ ಇಲ್ಲದೆ ಕೈ ಹಾಕಲೇಬೇಡಿ, ಒಳಗಿನ ಸ್ಪ್ರಿಂಗ್ ಮೊದಲೇ ಒತ್ತಿಕೊಂಡು ಕೂತಿರುತ್ತದೆ. ಹಳೆಯ ಗ್ರೀಸನ್ನೆಲ್ಲ ಒರೆಸಿ ತೆಗೆಯಿರಿ.

ಲೋಹಕ್ಕೆ ಲೋಹ ಉಜ್ಜುವಲ್ಲಿ ಮಾಲಿಬ್ಡಿನಮ್ ಪೇಸ್ಟ್ ಬೇಕು. ಪಿಸ್ಟನ್ನಿನ ಹಿಂಭಾಗದ ಸುತ್ತ, ಕಾಕಿಂಗ್ ಲಿವರ್ (ಹೊಡೆಯುವ ಮೊದಲು ಸ್ಪ್ರಿಂಗ್ ಒತ್ತುವ ಸನ್ನೆ) ಜಾರುವ ಜಾಗ, ಕೀಲುಗಳು. ಬೆರಳಿನಿಂದ ಸವರಿ, ಬಟ್ಟೆಯಿಂದ ಒರೆಸಿಬಿಡಿ. ಬೂದು ಬಣ್ಣ ಉಳಿದರೆ ಸಾಕು. ಸಿಂಥೆಟಿಕ್ ಸೀಲಿನ ಅಂಚಿಗೂ ಅಷ್ಟೇ ತೆಳುವಾಗಿ. ಸೀಲಿನ ಮುಂದಿನ ಮುಖಕ್ಕೆ ಏನೂ ತಾಗಬಾರದು.

ಸ್ಪ್ರಿಂಗಿಗೆ ಬೇರೆಯದೇ ಗ್ರೀಸ್. ಡಾಂಬರಿನಂತೆ ಅಂಟುವ ಡ್ಯಾಂಪಿಂಗ್ ಗ್ರೀಸ್ ಹಚ್ಚಿದರೆ ಹೊಡೆದ ಮೇಲೆ ಬರುವ ‘ಠಂಯ್’ ಅನ್ನುವ ಕಂಪನ ಅಡಗುತ್ತದೆ. ಆ ಮೆತ್ತನೆಯ ‘ಟಪ್’ ಸದ್ದು ಕೇಳುವುದೇ ಖುಷಿ! ಆದರೆ ದಪ್ಪಗೆ ಮೆತ್ತಿದರೆ ಸಣ್ಣ ಗುಂಡಾದ ಪೆಲೆಟ್‌ನ ವೇಗ ಇಳಿಯುತ್ತದೆ. ಸುರುಳಿಯ ಹೊರಮೈಗೆ ತೆಳು ಪದರ ಹಚ್ಚಿ, ಹೊಡೆದು ನೋಡಿ, ಬೇಕಿದ್ದರೆ ಸೇರಿಸಿ. ಸಿಲಿಕೋನ್ ಎಣ್ಣೆಯನ್ನು ಸ್ಪ್ರಿಂಗಿಗೆ ಹಾಕಬೇಡಿ, ಉಕ್ಕಿನ ಸವೆತವನ್ನು ಅದು ತಡೆಯುವುದಿಲ್ಲ.

ಹಳೆಯ ರೈಫಲ್‌ಗಳ ಚರ್ಮದ ಸೀಲ್ ಮಾತ್ರ ಎಣ್ಣೆ ಕುಡಿದೇ ಮೆತ್ತಗಿರಬೇಕು. ಅದಕ್ಕೆ ಆಗಾಗ ಒಂದೆರಡು ಹನಿ ಬಿಡಿ.

ಜೋಡಿಸಿದ ಮೇಲೆ ಮೊದಲ ಕೆಲವು ಪೆಲೆಟ್‌ಗಳಿಗೆ ಸ್ವಲ್ಪ ಹೊಗೆ ಬಂದರೆ ಗಾಬರಿ ಬೇಡ. ಪೆಲೆಟ್ ಇಲ್ಲದೆ ಸುಮ್ನೆ ಹೊಡೆಯಬೇಡಿ.