ಯುಎಸ್‌ಬಿ ಬೋರ್ಡ್ ಬಂದು ಮಾಯವಾಗುತ್ತಿದೆಯಾ?

ಕೊಡಗಿನ ತೋಟದಲ್ಲಿ ಮಳೆ ಅಳೆಯಲು ಆರ್ಡುಯಿನೋ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡ್ ಇಟ್ಟು, ಅದನ್ನು ಲಿನಕ್ಸ್ ಕಂಪ್ಯೂಟರಿಗೆ ಜೋಡಿಸುವವರಿಗೆ ಒಂದು ಮಾತು. ಅಗ್ಗದ ಬೋರ್ಡ್‌ಗಳಲ್ಲಿ ಯುಎಸ್‌ಬಿ ಸಂಪರ್ಕ ನೋಡಿಕೊಳ್ಳಲು ಹೆಚ್ಚಾಗಿ ಸಿಎಚ್340 ಚಿಪ್ ಇರುತ್ತದೆ. ಅದರ ಕರ್ನಲ್ ಮಾಡ್ಯೂಲ್, ಅಂದರೆ ಲಿನಕ್ಸ್‌ನ ಡ್ರೈವರ್, ಅದರ ಹೆಸರು ಮಾತ್ರ ಸಿಎಚ್341! ಸಾಮಾನ್ಯ ಲಿನಕ್ಸ್‌ಗಳಲ್ಲಿ ಅದು ಮೊದಲೇ ಇರುತ್ತದೆ, ಸುಮ್ನೆ ಎಲ್ಲಿಂದಲೋ ಡೌನ್‌ಲೋಡ್ ಮಾಡಬೇಡಿ.

ಪೋರ್ಟ್ ಬಂದ ಹಾಗೆ ಬಂದು ಮಾಯವಾದಾಗ, ಆಟಿ ಮಳೆಗೆ ಕೇಬಲ್ ಹಾಳಾಯಿತು ಅಂತ ನಾನು ಎರಡು ಕೇಬಲ್ ಬದಲಾಯಿಸಿದೆ. ದಂಡ! ಮೊದಲು ಡಿಮೆಸೇಜ್ (dmesg) ಆಜ್ಞೆ ಕೊಟ್ಟು ಕರ್ನಲ್ ಬರೆದಿಟ್ಟ ಸಂದೇಶಗಳನ್ನು ನೋಡಬೇಕಿತ್ತು. ಉಬುಂಟು 22.04ರಲ್ಲಿ ಬಿಆರ್‌ಎಲ್‌ಟಿಟಿವೈ (brltty) ಎಂಬ ಸೇವೆ ಈ ಚಿಪ್ಪನ್ನು ಬ್ರೈಲ್ ಸಾಧನ ಅಂದುಕೊಂಡು ಹಿಡಿದುಕೊಳ್ಳುತ್ತದೆ. ಬ್ರೈಲ್ ಸಾಧನ ಬಳಸದವರು ಆ ಪ್ಯಾಕೇಜ್ ತೆಗೆದು ಬೋರ್ಡ್ ಮತ್ತೆ ಚುಚ್ಚಿ. ಟಿಟಿವೈಯುಎಸ್‌ಬಿ0 (ttyUSB0) ಎಂಬ ಪೋರ್ಟ್ ಬರುತ್ತದೆ. ಆಮೇಲೂ ಅನುಮತಿ ಇಲ್ಲ ಅಂದರೆ ನಿಮ್ಮ ಯೂಸರ್ ಹೆಸರನ್ನು ಡಯಲ್‌ಔಟ್ (dialout) ಗುಂಪಿಗೆ, ಅಂದರೆ ಇಂಥ ಪೋರ್ಟ್ ಬಳಸಲು ಅನುಮತಿ ಇರುವವರ ಗುಂಪಿಗೆ ಸೇರಿಸಿ, ಒಮ್ಮೆ ಲಾಗ್‌ಔಟ್ ಮಾಡಿ ಬನ್ನಿ.