ದೀಪಾವಳಿಗೆ 14 ಮನೆಗೆ ಬಚ್ಚಲ ಉಡುಗೊರೆ: ಮನೆಯಲ್ಲೇ ಮಾಡಿದ ನನ್ನ ಅನುಭವ

ಪ್ರತಿ ದೀಪಾವಳಿಗೂ ನಮಗೆ ಇದೇ ತಲೆನೋವು. ಶಿರಸಿ ಪೇಟೆಯಿಂದ ಸ್ವೀಟ್ ಬಾಕ್ಸ್ ತಂದು 14 ಮನೆಗೆ ಹಂಚಬೇಕು. ಅರ್ಧ ಮನೆಗಳಲ್ಲಿ ಸಕ್ಕರೆ ಕಾಯಿಲೆಯವರು, ಅವರು ಅದನ್ನು ಇನ್ನೊಬ್ಬರಿಗೆ ದಾಟಿಸುತ್ತಾರೆ. ಒಂದು ಸಲ ನಾನು ಕೊಟ್ಟ ಡಬ್ಬವೇ ಮೂರನೇ ದಿನ ಬೇರೆ ಯಾರದ್ದೋ ಕೈಯಿಂದ ನಮ್ಮನೆಗೆ ವಾಪಸ್ ಬಂತು. ಮುಚ್ಚಳದ ಮೇಲೆ ನನ್ನ ಮಗಳು ಪೆನ್ನಲ್ಲಿ ಗೀಚಿದ ಗುಬ್ಬಿ ಹಾಗೇ ಇತ್ತು.

ಆಗಲೇ ಅನಿಸಿದ್ದು, ನರಕ ಚತುರ್ದಶಿ ದಿನ ಎಲ್ಲರೂ ಹೇಗೂ ಎಣ್ಣೆ ಹಚ್ಚಿಕೊಂಡು ಮೀಯುತ್ತಾರೆ, ಹಿಂದಿನ ಸಂಜೆಯೇ ಹಂಡೆ ತಿಕ್ಕಿ, ಹಿಂಡ್ಲೆಕಾಯಿ ಬಳ್ಳಿ ಕಟ್ಟಿ, ನೀರು ತುಂಬಿ ಇಟ್ಟಿರುತ್ತಾರೆ, ಹಾಗಿದ್ದರೆ ಆ ಸ್ನಾನಕ್ಕೆ ಬೇಕಾದ್ದನ್ನೇ ಯಾಕೆ ಕೊಡಬಾರದು ಅಂತ. ತಲೆಗೆ ಎಣ್ಣೆ, ಮೈಗೆ ಸ್ನಾನದ ಪುಡಿ, ಒಂದು ಸೋಪು, ಒಡೆದ ಹಿಮ್ಮಡಿಗೆ ಮುಲಾಮು. ಎರಡು ವರ್ಷ ಮಾಡಿದ್ದೇನೆ. ಮೊದಲನೇ ವರ್ಷ ಅರ್ಧ ಹಾಳಾಯಿತು, ಅದನ್ನೂ ಹೇಳುತ್ತೇನೆ.

ಸೋಪಿನಿಂದ ಶುರು ಮಾಡುತ್ತೇನೆ, ಯಾಕೆಂದರೆ ಎಲ್ಲಕ್ಕಿಂತ ಮೊದಲು ಅದನ್ನೇ ಮಾಡಬೇಕು. ಸೋಪು ಮಾಡಿದ ಮೇಲೆ ನಾಲ್ಕರಿಂದ ಆರು ವಾರ ಗಾಳಿಗೆ ಇಟ್ಟು ಹದಕ್ಕೆ ಬರಲು ಬಿಡಬೇಕು. ಚೌತಿಯಿಂದ ದೀಪಾವಳಿಗೆ ಹೆಚ್ಚುಕಡಿಮೆ ಎಂಟು ವಾರ. ಹಾಗಾಗಿ ನನ್ನ ಲೆಕ್ಕ ಸುಲಭ: ಚೌತಿಯ ಚಕ್ಕುಲಿ ಡಬ್ಬ ತಳ ಕಾಣುವ ಹೊತ್ತಿಗೆ ಸೋಪು ಅಚ್ಚಿಗೆ ಬಿದ್ದಿರಬೇಕು. ನವರಾತ್ರಿಗೆ ಶುರು ಮಾಡಿದರೆ ತಡವಾಯಿತು ಅಂತಲೇ ಅರ್ಥ.

ನಾನು ಮಾಡುವುದು ಬರೀ ಕೊಬ್ಬರಿ ಎಣ್ಣೆಯ ಸೋಪು. ತೋಟದ ಕಾಯಿ, ಗಾಣದಲ್ಲಿ ತೆಗೆಸಿದ ಎಣ್ಣೆ. 500 ಗ್ರಾಂ ಎಣ್ಣೆಗೆ 73 ಗ್ರಾಂ ಕಾಸ್ಟಿಕ್ ಸೋಡಾ, 180 ಗ್ರಾಂ ನೀರು. 500 ಗ್ರಾಂ ಎಣ್ಣೆ ಪೂರ್ತಿ ಸೋಪಾಗಲು ಸುಮಾರು 91 ಗ್ರಾಂ ಕಾಸ್ಟಿಕ್ ಬೇಕು. ಆದರೆ ಬರೀ ಕೊಬ್ಬರಿ ಎಣ್ಣೆಯ ಸೋಪು ಮೈ ಒಣಗಿಸುತ್ತದೆ, ಅದಕ್ಕೇ 20 ಪರ್ಸೆಂಟ್ ಕಡಿಮೆ ಹಾಕಿ ಸ್ವಲ್ಪ ಎಣ್ಣೆಯನ್ನು ಎಣ್ಣೆಯಾಗಿಯೇ ಉಳಿಸಿಕೊಳ್ಳುವುದು. ಇಲ್ಲಿ ಕಣ್ಣಳತೆ ನಡೆಯುವುದಿಲ್ಲ. ಲೋಟ, ಚಮಚದ ಲೆಕ್ಕವೂ ಬೇಡ. ಗ್ರಾಂ ತೋರಿಸುವ ತಕ್ಕಡಿ ಬೇಕೇ ಬೇಕು, ನೀರನ್ನೂ ತೂಗಿಯೇ ಹಾಕಬೇಕು. ಬೇರೆ ಎಣ್ಣೆ ಬೆರೆಸಿದರೆ ಕಾಸ್ಟಿಕ್ ಲೆಕ್ಕವೂ ಬದಲಾಗುತ್ತದೆ, ಈ ಅಳತೆಯನ್ನೇ ಇಟ್ಟುಕೊಂಡು ಹರಳೆಣ್ಣೆಗೆ ಹೋಗಬೇಡಿ.

ಕಾಸ್ಟಿಕ್ ಬಗ್ಗೆ ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ನೀರಿಗೆ ಕಾಸ್ಟಿಕ್ ಹಾಕಬೇಕು, ಕಾಸ್ಟಿಕ್ ಮೇಲೆ ನೀರು ಸುರಿಯಬಾರದು, ಸಿಡಿಯುತ್ತದೆ. ತಣ್ಣೀರಿಗೇ ಹಾಕಿದರೂ ಪಾತ್ರೆ ಮುಟ್ಟಲಾಗದಷ್ಟು ಬಿಸಿಯಾಗಿ ಹೊಗೆ ಬರುತ್ತದೆ, ಆ ಹೊಗೆ ಮೂಗಿಗೆ ಹೋಗಬಾರದು. ನಾನು ಕೊಟ್ಟಿಗೆ ಪಕ್ಕದ ಜಗಲಿಯಲ್ಲಿ, ಗಾಳಿಗೆ ಬೆನ್ನು ಹಾಕಿ, ಕೈಗವಸು ಕನ್ನಡಕ ಹಾಕಿಕೊಂಡು ಮಾಡುತ್ತೇನೆ. ಮಕ್ಕಳು, ನಾಯಿ, ಕುತೂಹಲದ ಅತ್ತೆ, ಯಾರಿಗೂ ಹತ್ತಿರ ಬರಲು ಬಿಡುವುದಿಲ್ಲ. ಪಾತ್ರೆ ಸ್ಟೀಲಿನದೇ ಆಗಬೇಕು. ಅಲ್ಯೂಮಿನಿಯಂ ಪಾತ್ರೆಯನ್ನು ಕಾಸ್ಟಿಕ್ ತಿಂದೇ ಹಾಕುತ್ತದೆ, ಜೊತೆಗೆ ಬೆಂಕಿ ಹಿಡಿಯುವ ಗ್ಯಾಸೂ ಬಿಡುತ್ತದೆ.

ಎಣ್ಣೆ, ಕಾಸ್ಟಿಕ್ ನೀರು ಎರಡೂ ಉಗುರುಬೆಚ್ಚಗಾದ ಮೇಲೆ ಎಣ್ಣೆಗೆ ಕಾಸ್ಟಿಕ್ ನೀರು ಹಾಕಿ ತಿರುಗಿಸುತ್ತಾ ಹೋದರೆ ದೋಸೆ ಹಿಟ್ಟಿನ ಹದಕ್ಕೆ ಬರುತ್ತದೆ. ಚಮಚದಿಂದ ಮೇಲೆ ಗೆರೆ ಎಳೆದರೆ ಆ ಗೆರೆ ಒಂದು ಕ್ಷಣ ನಿಲ್ಲಬೇಕು. ಆಗ ಅಚ್ಚಿಗೆ ಸುರಿಯುವುದು. ನನ್ನ ಅಚ್ಚು ಅಂದರೆ ಒಳಗೆ ಬಟರ್ ಪೇಪರ್ ಹಾಸಿದ ಹಳೇ ಮರದ ಪೆಟ್ಟಿಗೆ. ಮೊದಲ ವರ್ಷ 24 ಗಂಟೆ ಬಿಟ್ಟು ಕತ್ತರಿಸಿ ಅಂತ ಎಲ್ಲೋ ಓದಿ ಹಾಗೇ ಮಾಡಿದೆ, ಚಾಕು ಒತ್ತಿದ ಕೂಡಲೇ ಹಳೇ ಬೆಲ್ಲದ ಅಚ್ಚಿನ ಹಾಗೆ ಚೂರು ಚೂರು. ಕೊಬ್ಬರಿ ಎಣ್ಣೆ ಸೋಪು ಬೇಗ ಗಟ್ಟಿಯಾಗುತ್ತದೆ, ಆರೇಳು ಗಂಟೆಗೇ ಕತ್ತರಿಸಬೇಕು. ಈಗ ಬೆಳಿಗ್ಗೆ ಅಚ್ಚಿಗೆ ಹಾಕಿ ಮಧ್ಯಾಹ್ನದ ಚಹಾ ಕುಡಿಯುವ ಹೊತ್ತಿಗೆ ಕೈಗವಸು ಹಾಕಿಕೊಂಡೇ ಕತ್ತರಿಸುತ್ತೇನೆ. ಆ ಚೂರುಗಳು ಹಾಳಾಗಲಿಲ್ಲ ಬಿಡಿ, ಆರು ವಾರದ ನಂತರ ನಾವೇ ಬಟ್ಟೆ ತೊಳೆದೆವು.

ಈ ಸೋಪಿನದ್ದೊಂದು ಗುಣ ನನಗೆ ಕಾರವಾರದ ಚಿಕ್ಕಮ್ಮನಿಂದ ಗೊತ್ತಾದದ್ದು. ಅವರ ಬಾವಿ ನೀರು ಬೇಸಿಗೆಯಲ್ಲಿ ಸವುಳು, ಪೇಟೆ ಸೋಪು ನೊರೆಯೇ ಬರುವುದಿಲ್ಲ. "ನಿನ್ನ ಸೋಪು ಮಾತ್ರ ಉಪ್ಪುನೀರಲ್ಲೂ ಬುರುಬುರು ನೊರೆ ಬತ್ತು ಮಾರಾಯ್ತಿ" ಅಂತ ಫೋನ್ ಮಾಡಿದರು. ಕೊಬ್ಬರಿ ಎಣ್ಣೆ ಸೋಪು ಸಮುದ್ರದ ನೀರಲ್ಲೂ ನೊರೆ ಕೊಡುತ್ತದೆ, ಹಡಗಿನವರು ಹಿಂದೆ ಇದನ್ನೇ ಬಳಸುತ್ತಿದ್ದರಂತೆ.

ಇನ್ನು ಸ್ನಾನದ ಪುಡಿ. ಹೆಸರುಕಾಳು ಒಂದು ಕೆಜಿ, ಕಡಲೆಬೇಳೆ ಕಾಲು ಕೆಜಿ, ಒಣಗಿಸಿದ ಕಿತ್ತಳೆ ಸಿಪ್ಪೆ 100 ಗ್ರಾಂ, ಕಸ್ತೂರಿ ಅರಿಶಿನ, ಗಂಧಕಚೋರ (ಪರಿಮಳದ ಒಣ ಗೆಡ್ಡೆ), ಲಾವಂಚ, ಮೆಂತ್ಯ ತಲಾ 50 ಗ್ರಾಂ. ಕಸ್ತೂರಿ ಅರಿಶಿನ ಅಂತ ಹೇಳಿ ಗಾಢ ಹಳದಿ ಪುಡಿ ಕೊಟ್ಟರೆ ಸುಮ್ನೆ ವಾಪಸ್ ಕೊಡಿ. ಅಸಲಿಯದು ಮಾಸಲು ಕೆನೆ ಬಣ್ಣ, ಮೈಗೆ ಅಷ್ಟಾಗಿ ಹಳದಿ ಹಿಡಿಯುವುದಿಲ್ಲ. ಲಾವಂಚದ ಬೇರನ್ನು ಕತ್ತರಿಯಲ್ಲಿ ಉಗುರಿನಷ್ಟು ಸಣ್ಣಗೆ ಕತ್ತರಿಸದಿದ್ದರೆ ಮಿಕ್ಸಿ ಬ್ಲೇಡಿಗೆ ಕೂದಲಿನ ಹಾಗೆ ಸುತ್ತಿಕೊಳ್ಳುತ್ತದೆ. ನಮ್ಮ ಕಡೆ ಆ ಹೊತ್ತಲ್ಲಿ ಮಳೆ ಹೋದ ಹಾಗೆ ಮಾಡಿ ಮತ್ತೆ ಬರುತ್ತಿರುತ್ತದೆ, ಎಲ್ಲವನ್ನೂ ಬಿಸಿಲು ಕಂಡ ದಿನ ಅಂಗಳಕ್ಕೆ ಹರವಿ, ಕೊನೆಗೆ ಸಣ್ಣ ಉರಿಯಲ್ಲಿ ಬಾಣಲೆಯಲ್ಲಿ ಬೆಚ್ಚಗೆ ಮಾಡಿಕೊಂಡರೆ ಒಳ್ಳೇದು. ಲಾವಂಚ ಮಾತ್ರ ಬಾಣಲೆಗೆ ಬೇಡ, ಪರಿಮಳ ಹೋಗುತ್ತದೆ.

ಪುಡಿ ಜಾಸ್ತಿ ಅಂತ ಮೊದಲ ವರ್ಷ ಗಿರಣಿಗೆ ಕೊಟ್ಟೆ. ಬಂದ ದಿನ ಪರೀಕ್ಷೆ ಮಾಡೋಣ ಅಂತ ಮುಖಕ್ಕೇ ಹಚ್ಚಿಕೊಂಡೆ. ಒಂದು ನಿಮಿಷ ಏನೂ ಇಲ್ಲ. ಆಮೇಲೆ ಕಣ್ಣಿನ ಸುತ್ತ ಚುರುಚುರು, ಮೂಗಿನ ತುದಿ ಕೆಂಡ. ನನಗಿಂತ ಮುಂಚೆ ಅಲ್ಲಿ ಯಾರದ್ದೋ ಬ್ಯಾಡಗಿ ಮೆಣಸು ಬೀಸಿದ್ದರು! ಮಜ್ಜಿಗೆ ಬಳಿದುಕೊಂಡು ಕುಳಿತೆ. ಒಂದೂವರೆ ಕೆಜಿ ಪುಡಿ ಹಟ್ಟಿಯ ಗೊಬ್ಬರಗುಂಡಿಗೆ ಹೋಯಿತು. ಗಿರಣಿಯವರನ್ನು ಏನಂತ ಬೈಯುವುದು, ಮೈಗೆ ಹಚ್ಚುವುದು ಅಂತ ನಾನು ಹೇಳಿಯೇ ಇರಲಿಲ್ಲ. ಈಗ ಮನೆ ಮಿಕ್ಸಿಯಲ್ಲೇ ಸ್ವಲ್ಪ ಸ್ವಲ್ಪ ಮಾಡಿ, ತೆಳು ಬಟ್ಟೆಯಲ್ಲಿ ಎರಡು ಸಲ ಜರಡಿ ಹಿಡಿಯುತ್ತೇನೆ. ಉಳಿದ ತರಿ ಕಾಲು ತಿಕ್ಕಲಿಕ್ಕೆ ಆಗುತ್ತದೆ.

ತಲೆಗೆ ಎಣ್ಣೆ ನನಗೆ ಆಯಿ ಕಲಿಸಿದ್ದು. ಒಂದು ಲೀಟರ್ ಕೊಬ್ಬರಿ ಎಣ್ಣೆಗೆ ಗರುಗ (ಭೃಂಗರಾಜ), ಒಂದೆಲಗ, ಕರಿಬೇವು ಒಂದೊಂದು ಹಿಡಿ, ಹತ್ತು ಕೆಂಪು ದಾಸವಾಳ, ಒಂದು ಚಮಚ ಮೆಂತ್ಯ. ಸೊಪ್ಪನ್ನು ತೊಳೆದು, ಬಟ್ಟೆ ಮೇಲೆ ಒಂದು ರಾತ್ರಿ ಆರಿಸಿ, ಆಮೇಲೆ ಸಣ್ಣ ಉರಿ. ಗಡಿಯಾರ ನೋಡಬೇಡಿ, ಶಬ್ದ ಕೇಳಿ. ಸೊಪ್ಪಿನಲ್ಲಿ ನೀರಿರುವಷ್ಟು ಹೊತ್ತೂ ಚರಚರ ಅನ್ನುತ್ತಿರುತ್ತದೆ, ಅದು ಪೂರ್ತಿ ನಿಂತು ಎಲೆ ಹಪ್ಪಳದ ಹಾಗೆ ಮುರಿದರೆ ಇಳಿಸುವುದು. ನೀರು ಉಳಿದರೆ ಎರಡೇ ತಿಂಗಳಲ್ಲಿ ಕಮಟು ವಾಸನೆ. ಬಾಟಲಿ ಕೂಡ ತೊಳೆದು ಬಿಸಿಲಿಗಿಟ್ಟು ಒಣಗಿಸಿದ್ದೇ ಆಗಬೇಕು. ಚಳಿಗಾಲದಲ್ಲಿ ಶಿರಸಿಯಲ್ಲಿ ಎಣ್ಣೆ ಹೆಪ್ಪುಗಟ್ಟುತ್ತದೆ, ಕೆಟ್ಟಿದೆ ಅಂತ ಯಾರೂ ತಿಳಿಯಬೇಡಿ, ಬಾಟಲಿಯನ್ನು ಬಿಸಿನೀರಲ್ಲಿ ಇಟ್ಟರೆ ಸಾಕು. ಇದನ್ನು ಚೀಟಿಯಲ್ಲೇ ಬರೆದು ಅಂಟಿಸಿದ್ದೇನೆ, ಇಲ್ಲದಿದ್ದರೆ ಫೋನ್ ಬರುತ್ತದೆ.

ಎಲ್ಲಕ್ಕಿಂತ ಹೆಚ್ಚು ಹೆಸರು ತಂದದ್ದು ಹಿಮ್ಮಡಿ ಮುಲಾಮು. ಮುರುಗಲ ತುಪ್ಪ, ಅಂದರೆ ಪುನರ್ಪುಳಿ (ಕೋಕಂ) ಬೀಜದ ಕೊಬ್ಬು, ನಮ್ಮ ಕಡೆಯವರಿಗೆ ಹೊಸತಲ್ಲ. ಮಳೆಗಾಲದಲ್ಲಿ ಗದ್ದೆ ತೋಟ ಓಡಾಡಿ ಕಾಲು ಒಡೆದವರಿಗೆ ಅಜ್ಜಿಯರು ಅದನ್ನೇ ಕರಗಿಸಿ ಹಚ್ಚುತ್ತಿದ್ದರು. ಬೇಸಿಗೆಯಲ್ಲಿ ಮುರುಗಲು ಹಣ್ಣಿನ ಸಿಪ್ಪೆ ಒಣಗಿಸಿದ ಮೇಲೆ ಬೀಜ ಉಳಿಯುತ್ತದಲ್ಲ, ಅದನ್ನು ತೊಳೆದು ಒಣಗಿಸಿ, ಒಡೆದು, ಕುಟ್ಟಿ, ನೀರಲ್ಲಿ ಕುದಿಸಿದರೆ ಕೊಬ್ಬು ಮೇಲೆ ತೇಲುತ್ತದೆ. ರಾತ್ರಿ ಹಾಗೇ ಬಿಟ್ಟರೆ ಬೆಳಿಗ್ಗೆ ಬಿಳಿ ಬಿಲ್ಲೆಯಾಗಿ ಕಟ್ಟಿರುತ್ತದೆ. ಅದನ್ನು ಎತ್ತಿ ಮತ್ತೊಮ್ಮೆ ಕರಗಿಸಿ ನೀರು ಆರಿಸಿ ಸೋಸಿದರೆ ಆಯಿತು. ಕೈ ಬಿಸಿಗೆ ಮೆತ್ತಗಾಗುತ್ತದೆ, ಹೊರಗೆ ಮೇಣದಷ್ಟೇ ಗಟ್ಟಿ, ಬರೀ ಅದನ್ನೇ ಹಚ್ಚಲು ಕಷ್ಟ. ಅದಕ್ಕೆ ನಾನು ಮುರುಗಲ ತುಪ್ಪ 50 ಗ್ರಾಂ, ಕೊಬ್ಬರಿ ಎಣ್ಣೆ 50 ಗ್ರಾಂ, ಜೇನುಮೇಣ 15 ಗ್ರಾಂ ಹಾಕುತ್ತೇನೆ. ಮೇಣ ತುಡುವೆ ಜೇನು ಸಾಕುವ ಪಕ್ಕದ ಮನೆಯಿಂದ ಬಂದದ್ದು. ಕುದಿಯುವ ನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಕರಗಿಸಿ, ಸಣ್ಣ ಡಬ್ಬಿಗೆ ಸುರಿಯುವುದು.

ಆ ಅಳತೆ ಶಿರಸಿಗೆ ಸರಿ. ದೇವಿಮನೆ ಘಟ್ಟ ಇಳಿದು ಕಾರವಾರಕ್ಕೆ ಹೋದ ಡಬ್ಬಿಗಳು ಬಸ್ಸಿನಲ್ಲೇ ಪಾಯಸವಾಗಿ ಚಿಕ್ಕಮ್ಮನ ಹೊಸ ಸೀರೆಗೆ ಎಣ್ಣೆ ಕುಡಿಸಿದವು. ಕರಾವಳಿಯವರಿಗೆ ಈಗ ಮೇಣ 25 ಗ್ರಾಂ ಹಾಕುತ್ತೇನೆ. ತಣ್ಣಗಿನ ಚಮಚದ ಮೇಲೆ ಎರಡು ಹನಿ ಬಿಟ್ಟು ನೋಡಿದರೆ ಗಟ್ಟಿ ಎಷ್ಟು ಅಂತ ಮೊದಲೇ ಗೊತ್ತಾಗುತ್ತದೆ.

ಕಾಲು ನೆನೆಸಲು ಉಪ್ಪಿನ ಬಾಟಲಿಯನ್ನೂ ಇಟ್ಟೆ. ಗೋಕರ್ಣದ ಹತ್ತಿರದ ಸಾಣಿಕಟ್ಟಾ ಕಲ್ಲುಪ್ಪು, ಅದಕ್ಕೆ ಒಣಗಿದ ಮಜ್ಜಿಗೆ ಹುಲ್ಲು (ಲೆಮನ್ ಗ್ರಾಸ್). ಅಗ್ಗ ಅಂದರೆ ಅಗ್ಗ. ತಗಡಿನ ಮುಚ್ಚಳ ಮಾತ್ರ ಬೇಡ, ತುಕ್ಕು ಹಿಡಿದು ಉಪ್ಪು ಕೆಂಪಾಗುತ್ತದೆ. ಬಕೆಟ್ಟಿಗೆ ಹಾಕಿದರೆ ಬುಸ್ ಅನ್ನುವ ಬಾತ್ ಬಾಂಬ್ ಅಂತ ಮಗಳ ಹಟಕ್ಕೆ ಅಡಿಗೆ ಸೋಡಾ ಎರಡು ಪಾಲು, ಸಿಟ್ರಿಕ್ ಆ್ಯಸಿಡ್ ಒಂದು ಪಾಲು ಸೇರಿಸಿ ಉಂಡೆ ಕಟ್ಟಿದೆವು. ನಮ್ಮ ಹವೆಯ ತೇವಕ್ಕೆ ರಾತ್ರಿಯೇ ಬುಸ್ ಅಂದು ಬೆಳಿಗ್ಗೆ ಇಡ್ಲಿಯಾಗಿದ್ದವು.

ಲೋಳೆಸರ ಮತ್ತು ಗುಲಾಬಿ ನೀರಿನ ಕ್ರೀಮನ್ನು ಮಾತ್ರ ಯಾರಿಗೂ ಮಾಡಲು ಹೇಳುವುದಿಲ್ಲ. ಮೊದಲ ವರ್ಷ ನೋಡಲು ಅದೇ ಎಲ್ಲಕ್ಕಿಂತ ಚಂದ ಇತ್ತು, ತಿಳಿ ಹಸಿರು, ಗಾಜಿನ ಬಾಟಲಿ, ರಿಬ್ಬನ್ನು. ಎಂಟನೇ ದಿನ ಮುಚ್ಚಳ ತೆಗೆದರೆ ಒಳಗೆ ಬೂದು ಬೂಸ್ಟು. ನೀರಿದ್ದ ಕಡೆ ಬೂಸ್ಟು ಬಂದೇ ಬರುತ್ತದೆ, ತಡೆಯಲು ಪ್ರಿಸರ್ವೇಟಿವ್ ಬೇಕು, ಅದರ ಅಳತೆ ತಿಳಿದವರು ಮಾಡಲಿ. ಕೊಟ್ಟ ಐದೂ ಮನೆಗೆ ಫೋನ್ ಮಾಡಿ "ಚೆಲ್ಲಿಬಿಡಿ" ಅಂತ ಹೇಳುವಾಗ ಆದ ನಾಚಿಕೆ ಈಗಲೂ ಇದೆ. ಅಂದಿನಿಂದ ನನ್ನ ಪಟ್ಟಿಯಲ್ಲಿ ಇರುವುದು ಪುಡಿ, ಎಣ್ಣೆ, ತುಪ್ಪ, ಸೋಪು, ಉಪ್ಪು ಮಾತ್ರ.

ಪ್ರತಿ ಡಬ್ಬದ ಮೇಲೂ ಏನೇನು ಹಾಕಿದೆ, ಯಾವ ದಿನ ಮಾಡಿದ್ದು ಅಂತ ಬರೆಯುತ್ತೇನೆ. ಮೊದಲು ಮೊಣಕೈ ಒಳಬದಿಗೆ ಸ್ವಲ್ಪ ಹಚ್ಚಿ ಒಂದು ದಿನ ನೋಡಿ ಅಂತಲೂ. ಪ್ಯಾಕಿಂಗಿಗೆ ಅಡಿಕೆ ಹಾಳೆಯ ತಟ್ಟೆ, ಬಾಳೆ ನಾರು. ಕಳೆದ ವರ್ಷ ಸುಮಾರು 2,300 ರೂಪಾಯಿ ಖರ್ಚಾಯಿತು, ಮನೆಗೆ 165 ಬಿತ್ತು. ಕಾಯಿ, ಸೊಪ್ಪು, ಮುರುಗಲು ಬೀಜ ಮನೆಯದ್ದು, ಅದನ್ನು ಲೆಕ್ಕಕ್ಕೆ ಹಿಡಿದಿಲ್ಲ. ನನ್ನ ಕೂಲಿಯನ್ನಂತೂ ಹಿಡಿದೇ ಇಲ್ಲ. ಮಾರಬಹುದಲ್ವಾ ಅಂತ ತುಂಬ ಜನ ಕೇಳುತ್ತಾರೆ. 2020ರ ಕಾಸ್ಮೆಟಿಕ್ಸ್ ನಿಯಮದ ಪ್ರಕಾರ ಮಾರಲಿಕ್ಕೆ ಮಾಡುವುದಾದರೆ ಲೈಸೆನ್ಸ್ ಬೇಕು, ನನಗೆ ಅಷ್ಟು ಓಡಾಟ ಬೇಡ.

ಯಾರಿಗೆ ಯಾವುದು ಇಷ್ಟವಾಯಿತು ಅಂತ ನಾನು ಕೇಳಲು ಹೋಗುವುದಿಲ್ಲ, ಕೇಳಿದರೆ ಎಲ್ಲರೂ ಚಂದ ಇತ್ತು ಅನ್ನುವವರೇ. ಖಾಲಿ ಡಬ್ಬ ವಾಪಸ್ ಬರುತ್ತದೋ ಇಲ್ಲವೋ ನೋಡುತ್ತೇನೆ. ಉಪ್ಪಿನ ಬಾಟಲಿ ಎರಡು ಬಂದವು. ಎಣ್ಣೆಯದು ಒಂಬತ್ತು. ಮುಲಾಮಿನ ಡಬ್ಬಿ 14ಕ್ಕೆ 14. ಖಾಲಿ ಪಾತ್ರೆ ಹಾಗೇ ಕೊಡಬಾರದು ಅನ್ನುವ ರೂಢಿ ನಮ್ಮಲ್ಲಿದೆ, ಒಬ್ಬರು ಸಕ್ಕರೆ ಹಾಕಿದ್ದರು, ಒಬ್ಬರು ಏಲಕ್ಕಿ. ಕಾರವಾರದ ಚಿಕ್ಕಮ್ಮ ಮಾತ್ರ ಅಷ್ಟು ದಿನ ಸುಮ್ಮನಿದ್ದು, ಮೇ ತಿಂಗಳ ಕೊನೆಗೆ ಡಬ್ಬಿಯ ಜೊತೆ ಒಂದು ಚೀಲವನ್ನೂ ಬಸ್ಸಿಗೆ ಹಾಕಿದರು. ಬಿಚ್ಚಿದರೆ ನಾಲ್ಕು ಕೆಜಿ ಒಣಗಿದ ಮುರುಗಲು ಬೀಜ, ಮೇಲೊಂದು ಚೀಟಿ: "ಈ ಸಲ ನನಗೆ ದೊಡ್ಡ ಡಬ್ಬಿ."